ಹೊಳೆಯಿಲ್ಲದ ಊರಿನ ಸೇತುವೆ

ಸೇತುವೆಯೆಂದರೆ ಕೆಳಗೆ ನೀರಿರಬೇಕು ಎಂದು ನಂಬಿ ಬೆಳೆದವನು ನಾನು. ಬೆಂಗಳೂರಿನ ಆರ್‌.ಟಿ. ನಗರಕ್ಕೆ ಬಂದ ಮೇಲೆ ಆ ನಂಬಿಕೆ ಹೋಯಿತು. ನಮ್ಮ ಕಡೆಯ ದೊಡ್ಡ ಸೇತುವೆ 2003ರಲ್ಲಿ ತೆರೆದ ಹೆಬ್ಬಾಳದ ಫ್ಲೈಓವರ್‌. ಅದು ದಾಟಿಸುವುದು ರಸ್ತೆಯನ್ನು, ರೈಲು ಹಳಿಯನ್ನು. ನೀರೇನೋ ಇದೆ, ಪಕ್ಕದ ಕೆರೆಯಲ್ಲಿ. ಸಂಜೆ ಆರಕ್ಕೆ ಮೇಲೆ ಸಿಕ್ಕಿಕೊಂಡರೆ ಕೆರೆಯ ಹಕ್ಕಿಗಳನ್ನು ಒಂದೊಂದಾಗಿ ಎಣಿಸಬಹುದು. ಎಣಿಸಿದ್ದೇನೆ. ಅಷ್ಟರಲ್ಲಿ ಯಶವಂತಪುರದಿಂದ ಬಾಣಸವಾಡಿ ಕಡೆಗೆ ಹೊರಟ ರೈಲು ಕೆಳಗೆ ನುಸುಳಿ ಹೋಗಿಯೂ ಆಗಿರುತ್ತದೆ.

ಹೊಳೆ ಇಲ್ಲವೇ ಇಲ್ಲ ಎಂದರೆ ಅರ್ಕಾವತಿಗೆ ಬೇಸರವಾದೀತು. ನಂದಿಬೆಟ್ಟದಲ್ಲಿ ಹುಟ್ಟಿ ಹೆಸರಘಟ್ಟಕ್ಕೆ ಬರುತ್ತಾಳೆ. ಹರಿಗೋಲು ಹಾಕುವಷ್ಟು ದೊಡ್ಡವಳಲ್ಲ. ಆದರೆ 1890ರ ದಶಕದಲ್ಲಿ ಹೆಸರಘಟ್ಟದ ಕೆರೆಯನ್ನು ಬೆಂಗಳೂರಿನ ಬಾಯಾರಿಕೆಗೆ ಸಜ್ಜುಮಾಡಿದಾಗ, ನೀರು ಸೋಲದೇವನಹಳ್ಳಿಯ ಪಂಪುಮನೆ ಮುಟ್ಟಲೆಂದು ಇಟ್ಟಿಗೆಯ ಕಾಲುವೆಯೊಂದನ್ನು ಕಟ್ಟಿದರು. ಜನ ಹೊಳೆ ದಾಟಲು ಸೇತುವೆ ಕಟ್ಟುವುದು ಎಲ್ಲೆಡೆ ಉಂಟು. ಇಲ್ಲಿ ಹೊಳೆಗೇ ನೆಲ ದಾಟಲು ದಾರಿ ಕಟ್ಟಿದ್ದಾರೆ.

ಉಳಿದಿದ್ದನ್ನೆಲ್ಲ ಹೊತ್ತದ್ದು ರೈಲು. 1890ರ ದಶಕದಲ್ಲೇ ಯಶವಂತಪುರದಿಂದ ಯಲಹಂಕ, ದೊಡ್ಡಬಳ್ಳಾಪುರದ ಮೇಲೆ ಹಿಂದೂಪುರದ ಕಡೆಗೆ ಮೀಟರ್‌ಗೇಜ್‌ ಬಂತು. ನನಗೆ ಪ್ರೀತಿ ಮಾತ್ರ ಇನ್ನೊಂದರ ಮೇಲೆ. 1915ರ ಸುಮಾರಿಗೆ ಯಲಹಂಕದಿಂದ ದೇವನಹಳ್ಳಿ, ಚಿಕ್ಕಬಳ್ಳಾಪುರಕ್ಕೆ ಹಾಕಿದ ಎರಡೂವರೆ ಅಡಿ ಅಗಲದ ಪುಟ್ಟ ಹಳಿ ಅದು. ಆಗ ಮೈಸೂರಿನ ದಿವಾನರು ವಿಶ್ವೇಶ್ವರಯ್ಯ. ಅವರ ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರದ ಪಕ್ಕದಲ್ಲೇ. ಸುಮ್ಮನೆ ನೆನಪಾಯಿತು, ಅಷ್ಟೆ.

ಆ ರೈಲಿನಲ್ಲಿ ಓಡಾಡಿದ ನಮ್ಮ ತಾತ, ಏರು ಬಂದಾಗ ಇಳಿದು ನಾಲ್ಕು ಹುಣಸೆಕಾಯಿ ಕಿತ್ತುಕೊಂಡು ಮತ್ತೆ ಹತ್ತುತ್ತಿದ್ದೆವು ಎನ್ನುತ್ತಿದ್ದರು. ತಾತನ ಮಾತಿನಲ್ಲಿ ಅರ್ಧ ಕಳೆಯಬೇಕು. ಕಳೆದರೂ ಎರಡು ಹುಣಸೆಕಾಯಿ ಉಳಿಯುತ್ತವಲ್ಲ!

1990ರ ದಶಕದಲ್ಲಿ ಈ ಹಳಿ ಬ್ರಾಡ್‌ಗೇಜ್‌ ಆಯಿತು. ಚಿಕ್ಕಬಳ್ಳಾಪುರದಿಂದ ಕೋಲಾರದವರೆಗಿನ ಭಾಗ ದೊಡ್ಡದಾಗಲು 2013 ಬರಬೇಕಾಯಿತು. ಇದಕ್ಕೆಲ್ಲ ಮೊದಲೇ, 1984ರಲ್ಲಿ, ಯಲಹಂಕದಲ್ಲಿ ಗಾಲಿ ಕಾರ್ಖಾನೆ ಶುರುವಾಗಿತ್ತು. ರೈಲ್ವೆಯ ಗುಜರಿ ಉಕ್ಕನ್ನು ಕರಗಿಸಿ ಅಲ್ಲಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ದೇಶಕ್ಕೆಲ್ಲ ಗಾಲಿ ಕೊಡುವ ಊರಿನವರು ನಾವು ಮಾತ್ರ ಹೆಬ್ಬಾಳದಲ್ಲಿ ಬ್ರೇಕು ತುಳಿದುಕೊಂಡು ಕೂತಿರುತ್ತೇವೆ.

2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದಾಗ ಬಳ್ಳಾರಿ ರಸ್ತೆಗೆ ಎಲ್ಲಿಲ್ಲದ ಮರ್ಯಾದೆ ಬಂತು. ಅದರ ಮೇಲೆ ಇನ್ನೊಂದು ರಸ್ತೆಯನ್ನೇ ಎತ್ತಿ ಕಟ್ಟಿದರು. ಪುಟ್ಟ ರೈಲಿನ ಹಳೇ ದಾರಿ ಅದೇ ದಿಕ್ಕಿಗೆ ಮೊದಲೇ ಇತ್ತೆಂಬುದು ಯಾರಿಗೂ ಹೊಳೆಯಲಿಲ್ಲ. ವಿಮಾನ ನಿಲ್ದಾಣದ ಹೆಸರಿನ ರೈಲು ನಿಲುಗಡೆ ಶುರುವಾದದ್ದು 2021ರ ಜನವರಿಯಲ್ಲಿ.

ಕಳೆದ ತಿಂಗಳು ಯಲಹಂಕದಲ್ಲಿ ಆ ದಾರಿಯ ರೈಲು ಹತ್ತಿದೆ. ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಒಂದೊಂದಾಗಿ ಹಿಂದೆ ಸರಿದವು. ನೀವೂ ಒಮ್ಮೆ ಹೊರಡಿ, ಎಡಗಡೆ ಕಿಟಕಿ ಹಿಡಿಯಿರಿ. ನಂದಿಬೆಟ್ಟ ಕಾಣುವುದು ಆ ಕಡೆಗೆ.