ರಾಯಚರ್ಲುವಿನಲ್ಲಿ ಬಿಸಿಲಿಗೆ ಬಾಡಿಗೆ

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡದ ಕಡೆ ಹೊರಟರೆ ದಾರಿಯಲ್ಲೊಂದು ತಮಾಷೆ ಇದೆ. ಒಂದೇ ಜಿಲ್ಲೆಯ ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋಗಲು ನಡುವೆ ಆಂಧ್ರಪ್ರದೇಶದ ನೆಲ ದಾಟಬೇಕು. ಅಂಗಡಿಗಳ ಬೋರ್ಡು ಕನ್ನಡದಿಂದ ತೆಲುಗಿಗೆ ತಿರುಗಿ, ಸ್ವಲ್ಪ ಹೊತ್ತಿಗೆ ಮತ್ತೆ ಕನ್ನಡವಾಗುತ್ತದೆ. ಪಾವಗಡದ ಮೂರು ಕಡೆಯೂ ಆಂಧ್ರವೇ. ಹಳ್ಳಿಗಳಲ್ಲಿ ಮನೆಮಾತು ಹೆಚ್ಚಾಗಿ ತೆಲುಗು, ಶಾಲೆಯದು ಕನ್ನಡ. ಮಕ್ಕಳು ಎರಡನ್ನೂ ಸಲೀಸಾಗಿ ಆಡುತ್ತಾರೆ.

ನಾವು ಹೋಗಿದ್ದು ನಾಗಲಮಡಿಕೆ ಹೋಬಳಿಯ ರಾಯಚರ್ಲುವಿಗೆ. ಗುಡ್ಡದ ತಿರುವು ಕಳೆದೊಡನೆ ಜೊತೆಗಿದ್ದ ಮೊಮ್ಮಗ, "ತಾತಾ, ಅಲ್ನೋಡು, ಎಷ್ಟು ದೊಡ್ಡ ಕೆರೆ!" ಎಂದ. ದೂರಕ್ಕೆ ನೀಲಿ ನೀರಿನ ಹಾಗೆಯೇ ಹೊಳೆಯುತ್ತಿತ್ತು. ಹತ್ತಿರ ಹೋದರೆ ಸೋಲಾರ್ ಹಲಗೆಗಳು, ಸಾಲಿನ ಮೇಲೆ ಸಾಲು. ತೆಲುಗಿನಲ್ಲಿ 'ಚೆರುವು' ಎಂದರೆ ಕೆರೆ. ರಾಯಚರ್ಲು, ಕ್ಯಾತಗಾನಚರ್ಲು ಎಂಬ ಹೆಸರುಗಳಲ್ಲಿ ಕೆರೆಯ ನೆನಪು ಇದ್ದಂತಿದೆ. ಆದರೆ ಇಲ್ಲಿ ಅಪರೂಪವಾದದ್ದು ನೀರೇ. ಧಾರಾಳವಾಗಿ ಸಿಗುವುದು ಬಿಸಿಲು.

ಆ ಬಿಸಿಲನ್ನೇ ನಂಬಿ ಹುಟ್ಟಿದ್ದು ಪಾವಗಡ ಸೌರ ವಿದ್ಯುತ್ ಪಾರ್ಕ್. ಇದನ್ನು ಕಟ್ಟಲೆಂದು 2015ರಲ್ಲಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಶುರುವಾಯಿತು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಬಳಸಮುದ್ರ, ತಿರುಮಣಿ, ವಳ್ಳೂರು, ಕ್ಯಾತಗಾನಚರ್ಲು ಮತ್ತು ರಾಯಚರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಇದರೊಳಗಿದೆ. ಸಾಮರ್ಥ್ಯ 2,050 ಮೆಗಾವಾಟ್. ಕಡಲೆಕಾಯಿ, ರಾಗಿ ಬಿತ್ತಿ ಮಳೆಗೆ ಮೋಡ ನೋಡುತ್ತಿದ್ದ ಹೊಲಗಳಲ್ಲಿ ಈಗ ಮೋಡ ಕವಿದರೇ ನಷ್ಟ!

ವಿಶೇಷವೆಂದರೆ ಸರ್ಕಾರ ಈ ಭೂಮಿಯನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಅವಧಿ 28 ವರ್ಷ. ಪಹಣಿಯಲ್ಲಿ ಹೆಸರು ರೈತನದೇ ಉಳಿಯುತ್ತದೆ. ಜಮೀನು ಮಾರಿ ಬಂದ ಹಣ ನಾಲ್ಕೇ ವರ್ಷದಲ್ಲಿ ಕರಗಿಹೋದ ಕುಟುಂಬಗಳನ್ನು ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಎಷ್ಟೋ ಕಂಡಿದ್ದೇನೆ. ಆ ದೃಷ್ಟಿಯಿಂದ ಇದು ಒಳ್ಳೆಯ ಏರ್ಪಾಡು.

ಹಾಗಾದರೆ ಇಲ್ಲಿನವರು ಸುಖವಾಗಿದ್ದಾರೆಯೇ? 2012ರಿಂದ ಪ್ರಕಟವಾಗುತ್ತಿರುವ ವಿಶ್ವ ಸಂತೋಷ ವರದಿಗಾಗಿ ದೇಶದೇಶಗಳ ಜನರನ್ನು ಒಂದು ಸರಳ ಪ್ರಶ್ನೆ ಕೇಳುತ್ತಾರೆ. 'ಸೊನ್ನೆಯಿಂದ ಹತ್ತರವರೆಗೆ ಮೆಟ್ಟಿಲುಳ್ಳ ಒಂದು ಏಣಿ ಇದೆ ಎಂದುಕೊಳ್ಳಿ. ತುದಿಯಲ್ಲಿರುವುದು ನಿಮಗೆ ಸಾಧ್ಯವಾದ ಅತ್ಯುತ್ತಮ ಬಾಳು, ಬುಡದಲ್ಲಿರುವುದು ಅತ್ಯಂತ ಕೆಟ್ಟದ್ದು. ನೀವು ಎಷ್ಟನೇ ಮೆಟ್ಟಿಲಲ್ಲಿದ್ದೀರಿ?' ನಾನೂ ಅದನ್ನೇ ಕೇಳಿ ನೋಡಿದೆ.

ಅರಳಿಕಟ್ಟೆಯ ಮೇಲೆ ಕುಳಿತಿದ್ದ ನನ್ನ ವಯಸ್ಸಿನ ರೈತರೊಬ್ಬರು "ಆರು" ಎಂದರು. ಹನ್ನೆರಡು ಎಕರೆ ಗುತ್ತಿಗೆಗೆ ಕೊಟ್ಟಿದ್ದಾರೆ. ಸಾಲ ತೀರಿದೆ, ಮನೆಗೆ ತಾರಸಿ ಬಂದಿದೆ. "ಮೋಡ ನೋಡೋ ಚಿಂತೆ ಹೋಯ್ತು ಸಾರ್. ಆದ್ರೆ ಬೆಳಗ್ಗೆ ಎದ್ರೆ ಎಲ್ಲಿಗೆ ಹೋಗಬೇಕು ಅನ್ನೋದೂ ಹೋಯ್ತು. ಹೊತ್ತೇ ಹೋಗಲ್ಲ" ಎಂದರು.

ಹಲಗೆ ತೊಳೆಯುವ ಕೆಲಸದ ಯುವಕನೊಬ್ಬ "ಏಳು" ಎಂದ. ತಿಂಗಳ ಸಂಬಳ ಬರುತ್ತದೆ, ಬೆಂಗಳೂರಿಗೆ ಗುಳೆ ಹೋಗದೆ ಅಮ್ಮನ ಕೈಯಡುಗೆ ಉಣ್ಣಬಹುದು, ಅದೇ ದೊಡ್ಡದು ಎಂಬುದು ಅವನ ಲೆಕ್ಕ.

ಸ್ವಂತ ಜಮೀನಿಲ್ಲದ ಕೂಲಿ ಹೆಣ್ಣುಮಗಳು ನಕ್ಕಳು. "ಮೂರು ಅಂತ ಬರ್ಕೊಳ್ಳಿ ಸಾಮಿ. ಮುಂಚೆ ಕಡ್ಲೇಕಾಯಿ ಕೀಳೋಕೆ ಹೋದ್ರೆ ಕೂಲಿ ಜೊತೆಗೆ ಮಡಿಲು ತುಂಬ ಕಾಯೀನೂ ಸಿಗ್ತಿತ್ತು. ಈಗ ಟೆಂಪೋ ಹತ್ತಿ ಆಂಧ್ರದ ಕಡೆ ಹೋಗ್ಬೇಕು. ಬಾಡಿಗೆ ಜಮೀನಿದ್ದೋರಿಗೆ, ನಮಗೇನು?" ಕುರಿ ಕಾಯುವ ಮುದುಕನೊಬ್ಬ ಮೆಟ್ಟಿಲ ಲೆಕ್ಕವನ್ನೇ ಹೇಳಲಿಲ್ಲ. ತಂತಿಬೇಲಿಯತ್ತ ಕೋಲು ತೋರಿಸಿ, ಹಿಂದೆ ಇದೆಲ್ಲ ಮೇವಿನ ಜಾಗ, ಈಗ ಮಂದೆಯಲ್ಲಿ ಅರ್ಧ ಮಾರಿದ್ದೇನೆ ಎಂದ.

ನಾಲ್ವರೂ ಒಂದೇ ಊರಿನವರು, ಒಂದೇ ಬಿಸಿಲಿನವರು. ಕೈಗೆ ಬರುವ ಹಣವಷ್ಟೇ ಬಾಳನ್ನು ರೂಪಿಸುವುದಿಲ್ಲ. ಭೂಮಿ ಯಾರ ಹೆಸರಿನಲ್ಲಿದೆ, ಕೈಗೆ ಕೆಲಸವಿದೆಯೇ, ರಾತ್ರಿ ಮನೆಯವರ ಜೊತೆ ಉಣ್ಣಬಹುದೇ ಎಂಬುದೂ ಅಷ್ಟೇ ಮುಖ್ಯ.

ಇನ್ನು ನೀರು. ಪಾವಗಡ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಬೋರ್‌ವೆಲ್ ಆಳಕ್ಕಿಳಿದಷ್ಟೂ ಕಲ್ಲಿನ ಪದರದಿಂದ ಫ್ಲೋರೈಡ್ ಕರಗಿ ಬರುತ್ತದೆ. ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವರ್ಷಗಟ್ಟಲೆ ಕುಡಿದವರಿಗೆ ಮೂಳೆ, ಕೀಲುಗಳ ನೋವು. ಬಾಡಿಗೆ ಹಣವೆಷ್ಟಿದ್ದರೂ ಬಗ್ಗಿದ ಮೂಳೆಯನ್ನು ನೆಟ್ಟಗೆ ಮಾಡಲಾಗದು. ಶುದ್ಧ ನೀರಿನ ಘಟಕಗಳ ಮುಂದೆ ಕ್ಯಾನು ಹಿಡಿದು ನಿಂತ ಹೆಂಗಸರು, ಮಕ್ಕಳನ್ನು ನೋಡಿದಾಗ, ತುಂಗಭದ್ರೆಯ ಹಿನ್ನೀರನ್ನು ಈ ತಾಲ್ಲೂಕಿಗೆ ತರುವ ಯೋಜನೆಗೆ ಜನ ಯಾಕಷ್ಟು ಆಸೆಪಟ್ಟರೆಂಬುದು ಅರ್ಥವಾಯಿತು.

ಲೆಕ್ಕದ ಮನುಷ್ಯನಾದ್ದರಿಂದ ಆ ರಾತ್ರಿ ಪಾವಗಡದ ಲಾಡ್ಜಿನಲ್ಲಿ ಕುಳಿತು ಸಣ್ಣ ಗುಣಾಕಾರ ಮಾಡಿದೆ. ಎರಡು ವರ್ಷಕ್ಕೆ ಶೇಕಡಾ 5ರಂತೆ ಏರಿದರೆ, ಕೊನೆಯ ಎರಡು ವರ್ಷಗಳಲ್ಲಿ ಎಕರೆಗೆ ಸಿಗುವುದು ಸುಮಾರು 39,600 ರೂಪಾಯಿ. ಹೆಚ್ಚುಕಡಿಮೆ ದುಪ್ಪಟ್ಟು, ಕೇಳಲು ಚೆನ್ನ. ಆದರೆ ಬೆಲೆಗಳೂ ಸುಮ್ಮನಿರುವುದಿಲ್ಲ. ರಿಸರ್ವ್ ಬ್ಯಾಂಕ್ ಹಣದುಬ್ಬರಕ್ಕೆ ಇಟ್ಟುಕೊಂಡಿರುವ ಗುರಿಯೇ ವರ್ಷಕ್ಕೆ ಶೇಕಡಾ 4. ಆ ಲೆಕ್ಕ ಹಿಡಿದರೂ, ಮೊದಲ ವರ್ಷ 21,000 ರೂಪಾಯಿಗೆ ಬರುತ್ತಿದ್ದ ಸಾಮಾನಿಗೆ ಆಗ 58,000ಕ್ಕೂ ಹೆಚ್ಚು ಬೇಕು. ಅಂದರೆ ಬಾಡಿಗೆಯ ಕೊಳ್ಳುವ ಶಕ್ತಿ ಮೂರನೇ ಒಂದು ಪಾಲಿನಷ್ಟು ಇಳಿದಿರುತ್ತದೆ. ಅಷ್ಟರಲ್ಲಿ ಜಮೀನು ಅಣ್ಣತಮ್ಮಂದಿರಲ್ಲಿ ಪಾಲಾಗಿಯೂ ಇರುತ್ತದೆ.

ಮರುದಿನ ಇದನ್ನು ಅರಳಿಕಟ್ಟೆಯ ರೈತರಿಗೆ ಬಿಡಿಸಿ ಹೇಳಿದೆ. ಅವರು ತುಸು ಹೊತ್ತು ಸುಮ್ಮನಿದ್ದರು. "ದುಡ್ಡಿನ ಲೆಕ್ಕ ಸರಿ ಸಾರ್. ಭೂಮಿ ವಾಪಸ್ ಬಂದಾಗ ಉಳೋದು ಯಾರು? ನನ್ನ ಮೊಮ್ಮಗಂಗೆ ಕಡ್ಲೇಕಾಯಿ ಬಿತ್ತೋದು ಗೊತ್ತಿಲ್ಲ" ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಒಂದು ಮಾತು ಮಾತ್ರ ಹೇಳಿದೆ. ಬರುವ ಬಾಡಿಗೆಯಲ್ಲಿ ಒಂದು ಪಾಲನ್ನು ಪ್ರತಿ ವರ್ಷ ಮೊಮ್ಮಕ್ಕಳ ಓದಿಗೆ ತೆಗೆದಿಡಿ, ಹಿತ್ತಿಲಲ್ಲಿ ನಾಲ್ಕು ಸಾಲಾದರೂ ಅವರ ಕೈಯಿಂದಲೇ ಬಿತ್ತಿಸಿ. ಅವರು ತಲೆಯಾಡಿಸಿ, ನಮ್ಮ ಹುಡುಗನ ಜೇಬಿಗೆ ಒಂದು ಹಿಡಿ ಹುರಿದ ಕಡಲೆಕಾಯಿ ಹಾಕಿದರು.

ನೀವೂ ಮಕ್ಕಳನ್ನು ಕರೆದುಕೊಂಡು ಹೋಗಿಬನ್ನಿ. ಬೆಂಗಳೂರಿನಿಂದ ಸುಮಾರು 180 ಕಿಲೋಮೀಟರು. ಪಾವಗಡದ ಶನಿಮಹಾತ್ಮನ ಗುಡಿ, ಬೆಟ್ಟದ ಕೋಟೆ, ನಾಗಲಮಡಿಕೆಯ ಸುಬ್ರಹ್ಮಣ್ಯ ದೇವಸ್ಥಾನವನ್ನೂ ನೋಡಬಹುದು. ಬೇಸಿಗೆ ಬೇಡ, ಚಳಿಗಾಲ ವಾಸಿ. ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ. ಹಲಗೆಗಳ ಮುಂದೆ ಫೋಟೋ ತೆಗೆಸಿಕೊಂಡ ಮೇಲೆ ಊರೊಳಗೂ ಒಂದು ಗಳಿಗೆ ಹೋಗಿ, ಆ ಏಣಿಯ ಪ್ರಶ್ನೆಯನ್ನು ಮಕ್ಕಳಿಂದಲೇ ಕೇಳಿಸಿ. ದೊಡ್ಡವರ ಹತ್ತಿರ ಹೇಳದ್ದನ್ನು ಹಳ್ಳಿಯವರು ಮಕ್ಕಳ ಹತ್ತಿರ ಹೇಳುತ್ತಾರೆ.