ಆಪಾಳ ಎದೆಯೊಳಗಿನ ಬಿಳಿ ಗೆರೆ

2022ರ ಚಳಿಗಾಲ. ದೂಲ್ಹಾಭಾಯಿ ತೀರಿಕೊಂಡು ಇನ್ನೂ ನಲವತ್ತು ದಿನ ತುಂಬಿರಲಿಲ್ಲ. ಆಪಾ ಇದ್ದತ್ತಿನಲ್ಲಿದ್ದಳು. ಗಂಡ ಸತ್ತ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಲ್ಲೇ ಉಳಿಯುವ ಅವಧಿ ಅದು. ಒಂದು ರಾತ್ರಿ ಇಶಾ ನಮಾಜು ಮುಗಿಸಿ ಎದ್ದವಳು ಗೋಡೆ ಹಿಡಿದು ಕುಸಿದು ಕುಳಿತಳು. "ಛಾತಿ ಪೋ ಪತ್ಥರ್ ರಖ್ಖೇಸರ್ಕಾ ಹೋರಾ" ಅಂದಳು. ಎದೆಯ ಮೇಲೆ ಕಲ್ಲು ಹೇರಿದ ಹಾಗೆ.

ಸುತ್ತ ನಿಂತ ನಾವು ತಲೆಗೊಂದು ಮಾತು ಹೇಳಿದೆವು. ಒಬ್ಬರು ಗ್ಯಾಸ್ ಎಂದರು, ಓಮಿನ ನೀರು ಬಂತು. ಇನ್ನೊಬ್ಬರು ಇದ್ದತ್ತಿನಲ್ಲಿ ಹೊರಗೆ ಕರೆದೊಯ್ಯುವುದು ಹೇಗೆ ಎಂದರು. ಕಥೆ ಬರೆಯುವ ನಾನು, ದುಃಖ ಎದೆಗೆ ಇಳಿದಿದೆ, ಅತ್ತರೆ ಹಗುರಾಗುತ್ತದೆ ಎಂದೆ. ಆಪಾ ಬೆಳಗಿನವರೆಗೆ ಹಾಗೇ ಕುಳಿತಿದ್ದಳು. ಫಜರ್ ಮುಗಿಸಿ ಬಂದ ಮಸೀದಿಯ ಹಜರತ್ ವಿಷಯ ತಿಳಿದು, "ಔಷಧಿಗೆ ಇದ್ದತ್ತು ಅಡ್ಡ ಬರುತ್ತದೆಂದು ನಿಮಗೆ ಹೇಳಿದವರು ಯಾರು?" ಎಂದು ಗದರಿದ ಮೇಲೆಯೇ ನಮ್ಮ ಮನೆ ಬಾಗಿಲಿಗೆ ಆಟೋ ಬಂದದ್ದು.

ಆಸ್ಪತ್ರೆಯಲ್ಲಿ ಇಸಿಜಿಯಲ್ಲಿ ದೊಡ್ಡ ಬದಲಾವಣೆ ಕಾಣಲಿಲ್ಲ. ರಕ್ತದಲ್ಲಿ ಟ್ರೋಪೋನಿನ್ ಮಾತ್ರ ಏರಿತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಪ್ರೋಟೀನ್ ಅದು. ಆಂಜಿಯೋಗ್ರಾಂ ಮಾಡಿದರು. ರಕ್ತನಾಳಗಳಲ್ಲಿ ಹೇಳಿಕೊಳ್ಳುವಂಥ ಅಡ್ಡಿಯಿಲ್ಲ. "ಗಂಡನನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಾರೆ, ಅಷ್ಟೇ" ಎಂದು ಹಿರಿಯ ವೈದ್ಯರು ಗ್ಯಾಸಿನದೊಂದು, ನಿದ್ದೆಯದೊಂದು ಮಾತ್ರೆ ಬರೆದರು. ನಮ್ಮೆಲ್ಲರ ಮುಖ ಅರಳಿತು. ಆಪಾಳ ಮುಖ ಬಾಡಿತು.

ಅಲ್ಲಿದ್ದ ಕಿರಿಯ ಡಾಕ್ಟರಮ್ಮ ನನ್ನನ್ನು ಪಕ್ಕಕ್ಕೆ ಕರೆದರು. ನಾಳ ಮುಚ್ಚಿಲ್ಲ ಎಂದರೆ ಹೃದಯಾಘಾತ ಆಗಿಲ್ಲ ಎಂದರ್ಥವಲ್ಲ. 100 ಹೃದಯಾಘಾತಗಳಲ್ಲಿ ಐದಾರು ಹೀಗೆ ನಾಳ ತೆರೆದಿರುವಾಗಲೇ ಕಾಣುತ್ತವೆ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು. ಕಟ್ಟಿದ ರಕ್ತದ ಗಂಟು ತಾನೇ ಕರಗಿರಬಹುದು, ನಾಳ ಸೆಟೆದು ಸಡಿಲಗೊಂಡಿರಬಹುದು. ಹೃದಯದ ಉರಿಯೂತವೂ ಇರಬಹುದು. ಇಲ್ಲವೇ ತಾಕೊತ್ಸುಬೊ. ಏನೆಂದು ತಿಳಿಯಲು ಹೃದಯದ ಎಂಆರ್‌ಐ ಮಾಡಿಸಿ ಎಂದರು.

ತಾಕೊತ್ಸುಬೊ ಎಂಬ ಪದ ನನ್ನನ್ನು ಹಿಡಿದುಕೊಂಡಿತು. ಅದು ಜಪಾನಿನಲ್ಲಿ ಆಕ್ಟೋಪಸ್ ಹಿಡಿಯುವ ಮಡಕೆಯ ಹೆಸರು. ದೊಡ್ಡ ಆಘಾತದ ನಂತರ ಕೆಲವರ ಹೃದಯದ ತುದಿ ಆ ಮಡಕೆಯಂತೆ ಉಬ್ಬುವುದನ್ನು 1990ರಲ್ಲಿ ಅಲ್ಲಿನ ವೈದ್ಯರು ಗುರುತಿಸಿ ಆ ಹೆಸರಿಟ್ಟರು. ಜನ ಅದನ್ನು ಒಡೆದ ಹೃದಯದ ಕಾಯಿಲೆ ಎನ್ನುತ್ತಾರೆ. ಉರ್ದು ಶಾಲೆಯಲ್ಲಿ ಗಜಲ್ ಬಾಯಿಪಾಠ ಮಾಡಿದವನಿಗೆ ಇನ್ನೇನು ಬೇಕು? ಬೆಂಗಳೂರಿನ ದಾರಿಯಲ್ಲೇ ಕಥೆಯೊಂದರ ಮೊದಲ ಪುಟ ಬರೆದೆ. ವಿಧವೆಯ ಹೃದಯ, ಖಾಲಿ ಮಡಕೆ.

ಎಂಆರ್‌ಐ ಎಂದರೆ ಬಲವಾದ ಅಯಸ್ಕಾಂತ. ಲೋಹ ಒಳಗೆ ಹೋಗುವಂತಿಲ್ಲ. ಮೂಗುಬೊಟ್ಟು, ಬುರ್ಖಾದ ಟಿಚ್ ಬಟನ್, ದುಪಟ್ಟಾದ ಪಿನ್ನು ಎಲ್ಲ ಹೊರಬಂತು. ಕೊನೆಗೆ ತೋಳಿನ ತಾಯತ. ತಾಮ್ರದ ಕರಡಿಗೆಯದನ್ನು ಬಿಚ್ಚಲು ಅವಳಿಗೆ ಮನಸ್ಸಿಲ್ಲ. "ನೀನೇ ಹಿಡಿದುಕೋ, ನೆಲಕ್ಕೆ ಇಡಬೇಡ" ಎಂದು ನನ್ನ ಅಂಗೈಗೆ ಒತ್ತಿದಳು. ಸುಮಾರು ಒಂದು ಗಂಟೆ ಆ ಕೊಳವೆಯೊಳಗೆ, ಬಡಿಗೆಯಿಂದ ಬಡಿದಂಥ ಸದ್ದಿನ ನಡುವೆ ಮಲಗಿದ್ದಳು. "ಉಸಿರು ಹಿಡಿಯಿರಿ" ಎಂದಾಗಲೆಲ್ಲ ಬೆರಳಿನ ಗೆಣ್ಣಿನಲ್ಲಿ ಸುಬಹಾನಲ್ಲಾ ಎಣಿಸುತ್ತಿದ್ದಳಂತೆ.

ಮಧ್ಯೆ ಗ್ಯಾಡೊಲಿನಿಯಂ ಎಂಬ ಔಷಧವನ್ನು ರಕ್ತನಾಳಕ್ಕೆ ಕೊಡುತ್ತಾರೆ. ಆರೋಗ್ಯವಂತ ಸ್ನಾಯುವಿನಿಂದ ಅದು ಬೇಗ ತೊಳೆದು ಹೋಗುತ್ತದೆ. ಸತ್ತ ಭಾಗದಲ್ಲಿ ತಂಗುತ್ತದೆ. ಹತ್ತು ನಿಮಿಷ ಬಿಟ್ಟು ಚಿತ್ರ ತೆಗೆದರೆ ಆ ಭಾಗ ಬಿಳಿಯಾಗಿ ಕಾಣುತ್ತದೆ.

ಮಾರನೆಯ ದಿನ ವೈದ್ಯರು ಪರದೆಯ ಮೇಲೆ ಮೂರು ಹೃದಯ ತೋರಿಸಿದರು. ಮೊದಲನೆಯದರಲ್ಲಿ ಗೋಡೆಯ ಒಳಪದರದಿಂದ ಹೊರಪದರದವರೆಗೆ ಬಿಳಿ, ನಡುವೆ ಒಂದು ಕಪ್ಪು ಚುಕ್ಕೆ. ದೊಡ್ಡ ನಾಳ ಪೂರ್ತಿ ಮುಚ್ಚಿದ ಹೃದಯಾಘಾತ ಅದು. ಚುಕ್ಕೆ ಇರುವಲ್ಲಿ ಸಣ್ಣ ನಾಳಗಳೂ ಮುಚ್ಚಿ ಔಷಧವೂ ತಲುಪಿಲ್ಲ. ಎರಡನೆಯದು ಉರಿಯೂತ. ಬಿಳಿ ಹೊರಪದರದಲ್ಲಿ ತೇಪೆ ತೇಪೆ, ಒಳಪದರ ಶುದ್ಧ. ತಾಕೊತ್ಸುಬೊದಲ್ಲಿ ನೀರು ತುಂಬಿದ ಊತ ಇರುತ್ತದೆ, ಬಿಳಿ ಸಾಮಾನ್ಯವಾಗಿ ಇರುವುದಿಲ್ಲ ಎಂದರು.

ಮೂರನೆಯದು ಆಪಾಳದು. ಒಳಪದರಕ್ಕೆ ಅಂಟಿಕೊಂಡಂತೆ, ಉಗುರಿನ ಅಂಚಿನಷ್ಟು ಬಿಳಿ ಗೆರೆ.

"ಹೃದಯದ ನಾಳಗಳು ಹೊರಮೈಯಿಂದ ಒಳಕ್ಕೆ ಇಳಿಯುತ್ತವೆ. ರಕ್ತ ಕಡಿಮೆಯಾದರೆ ಮೊದಲು ಸಾಯುವುದು ಒಳಪದರ" ಎಂದರು ವೈದ್ಯರು. ಭದ್ರಾ ನಾಲೆಯ ಕೊನೆಭಾಗದ ಊರಿನವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲೆಯಲ್ಲಿ ನೀರು ತಗ್ಗಿದರೆ ಮೊದಲು ಒಣಗುವುದು ತುದಿಯ ಗದ್ದೆಯೇ.

ಆಪಾಳಿಗೆ ಆದದ್ದು ಹೃದಯಾಘಾತವೇ. ಗ್ಯಾಸಲ್ಲ, ನನ್ನ ಕಥೆಯ ಮಡಕೆಯೂ ಅಲ್ಲ. ನಿದ್ದೆಮಾತ್ರೆ ನಿಂತಿತು. ಆಸ್ಪಿರಿನ್ ಮತ್ತು ಕೊಬ್ಬು ಇಳಿಸುವ ಮಾತ್ರೆ ಶುರುವಾಯಿತು. ಉರಿಯೂತವೋ ತಾಕೊತ್ಸುಬೊವೋ ಆಗಿದ್ದರೆ ಚಿಕಿತ್ಸೆಯ ದಾರಿಯೇ ಬೇರೆ ಇರುತ್ತಿತ್ತು.

ಆಮೇಲೆ ಓದಿ ತಿಳಿದೆ. ಇಂಥದೇ ಸ್ಥಿತಿಯ 116 ಹೆಂಗಸರಿಗೆ ಎಂಆರ್‌ಐ ಜೊತೆಗೆ ನಾಳದ ಒಳಗಿನಿಂದಲೂ ಚಿತ್ರ ತೆಗೆದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಗಿದೆ. 98 ಮಂದಿಯಲ್ಲಿ ಕಾರಣ ಸಿಕ್ಕಿತು. ಅವರಲ್ಲಿ 74 ಮಂದಿಗೆ ಆದದ್ದು ರಕ್ತ ಸಾಲದ ಪೆಟ್ಟು. ಉಳಿದ 24 ಮಂದಿಯದು ಉರಿಯೂತ, ತಾಕೊತ್ಸುಬೊ ಮೊದಲಾದವು. ಮನಸ್ಸಿಗೆ ಹಚ್ಚಿಕೊಂಡಿದ್ದಾರೆ ಎಂದು ಮನೆಗೆ ಕಳಿಸುವ ಮುನ್ನ ಈ ಲೆಕ್ಕ ನೆನಪಾಗಬೇಕು. ಆದರೆ ಈ ಪರೀಕ್ಷೆ ದುಬಾರಿ. ಸಣ್ಣ ಊರುಗಳಲ್ಲಿ ಯಂತ್ರವಿದ್ದರೂ ಹೃದಯದ ಚಿತ್ರ ಓದಬಲ್ಲವರು ಕಡಿಮೆ. ಎಷ್ಟು ಆಪಾಗಳು ನಿದ್ದೆಮಾತ್ರೆ ಹಿಡಿದು ಮನೆಗೆ ಮರಳಿರಬಹುದು?

ವೈದ್ಯರನ್ನಷ್ಟೇ ದೂರಿ ನಾನು ಪಾರಾಗಲಾರೆ. ಅವರಿಗಿಂತ ಒಂದು ರಾತ್ರಿ ಮೊದಲೇ ಅವಳ ನೋವಿಗೆ ದುಃಖ ಎಂದು ಹೆಸರಿಟ್ಟವನು ನಾನು. ಕಲ್ಲು ಎಂದವಳಿಗೆ ಕಣ್ಣೀರು ಹಾಕು ಎಂದವನು. ಅವಳು ದುಃಖದಲ್ಲಿದ್ದದ್ದೂ ನಿಜ. ಆದರೆ ದುಃಖದಲ್ಲಿರುವ ಹೆಂಗಸಿಗೆ ಬೇರೆ ಕಾಯಿಲೆ ಬರಬಾರದೆಂದು ಎಲ್ಲಿ ಬರೆದಿದೆ?

ವೈದ್ಯರ ಕೋಣೆಯಿಂದ ಬಂದು ಎಲ್ಲವನ್ನೂ ಹೇಳಿದೆ. ಆಪಾ ತಾಯತವನ್ನು ತೋಳಿಗೆ ಕಟ್ಟಿಸಿಕೊಳ್ಳುತ್ತಾ ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ, "ತೋ ಮೈ ಝೂಟ್ ನೈ ಬೋಲೀ ನಾ?" ಎಂದಳು. ಹಾಗಾದರೆ ನಾನು ಸುಳ್ಳು ಹೇಳಲಿಲ್ಲ ಅಲ್ಲವೇ?

ಗಂಟು ಹಾಕುತ್ತಿದ್ದ ನನ್ನ ಕೈ ತಡೆಯಿತು. ಇಲ್ಲ ಆಪಾ ಎಂದೆ.