ಶುಶ್ರೂಷೆಯ ಮರೆಯಲ್ಲಿ

ಹೆತ್ತ ತಾಯಿಯೇ ಮಗುವಿಗೆ ಇಲ್ಲದ ರೋಗವನ್ನು ಸೃಷ್ಟಿಸಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುವಳೆಂದರೆ ಯಾರು ತಾನೆ ನಂಬಿಯಾರು? ನಾನೂ ನಂಬಿರಲಿಲ್ಲ. ಇಂಗ್ಲೆಂಡಿನ ಲೀಡ್ಸ್ ನಗರದ ಮಕ್ಕಳ ವೈದ್ಯ ರಾಯ್ ಮೆಡೋ 1977ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬರೆದ ಎರಡು ಪ್ರಕರಣಗಳನ್ನು ಅರಿತ ಮೇಲೆ ಆ ಅಪನಂಬಿಕೆ ಕಳಚಿತು. ಆರು ವರ್ಷದ ಬಾಲಕಿಯೊಬ್ಬಳ ಮೂತ್ರದಲ್ಲಿ ಪದೇ ಪದೇ ರಕ್ತ ಕಾಣುತ್ತಿತ್ತು. ದಾದಿಯರೇ ಸಂಗ್ರಹಿಸಿದಾಗ ಅದು ನಿರ್ಮಲ. ತಾಯಿಯ ಕೈ ಸೋಂಕಿದಾಗ ಮಾತ್ರ ದೂಷಿತ. ಇನ್ನೊಂದು ಕೂಸಿಗೆ ಮನೆಯಲ್ಲಿ ಉಪ್ಪುಣಿಸಲಾಗುತ್ತಿತ್ತು. ರಕ್ಷಣೆಯ ಏರ್ಪಾಡಾಗುವ ಮುನ್ನವೇ ಅದು ತೀರಿಕೊಂಡಿತು. ಮೆಡೋ ಇದನ್ನು ‘ಮಂಚೌಸನ್ ಸಿಂಡ್ರೋಮ್ ಬೈ ಪ್ರಾಕ್ಸಿ’ ಎಂದು ಕರೆದರು.

ವ್ಯಾಪಾರಿಯಾದ ನಾನು ಮೊದಲು ಹುಡುಕಿದ್ದು ಲಾಭವನ್ನು. ಹಣವಿಲ್ಲ, ಆಸ್ತಿಯಿಲ್ಲ. ಹೊರಗಿನ ಪ್ರತಿಫಲ ಕಾಣದಿದ್ದರೂ ವಂಚನೆ ನಡೆಯುವುದೇ ಈ ವಿಕಾರದ ಲಕ್ಷಣವೆಂದು 2013ರ ಅಮೆರಿಕದ ಮನೋವೈದ್ಯಕೀಯ ಕೈಪಿಡಿಯೂ ಹೇಳುತ್ತದೆ. ಮೆಡೋ ಕಂಡ ತಾಯಂದಿರು ಕ್ರೂರಿಗಳಂತೆ ತೋರಲಿಲ್ಲ. ವಿನಯಶೀಲರು, ದಾದಿಯರಿಗೆ ಅಚ್ಚುಮೆಚ್ಚು. ‘ಎಂಥ ತಾಯಿ!’ ಎಂಬ ಉದ್ಗಾರವೇ ಅವರ ಸಂಪಾದನೆಯಾಗಿದ್ದಿರಬೇಕು.

ಈ ಮಾತು ನನ್ನನ್ನು ಚುಚ್ಚಲು ಕಾರಣವಿದೆ. 1994ರಲ್ಲಿ ನನ್ನ ಕಿರಿಯ ಮಗನಿಗೆ ಟೈಫಾಯ್ಡ್ ಬಂದಿತ್ತು. ಅಂಗಡಿ ಮುಚ್ಚಿ ಹದಿನೆಂಟು ದಿನ ಅವನ ಬಳಿ ಕುಳಿತೆ. ಬಂದ ನೆಂಟರೆಲ್ಲ ನನ್ನ ತ್ಯಾಗವನ್ನು ಕೊಂಡಾಡಿದರು. ಜ್ವರ 101ಕ್ಕೆ ಇಳಿದ ದಿನವೂ ಒಬ್ಬರಿಗೆ 103 ಎಂದೆ. ನಾಳೆ ಮನೆಗೆ ಹೋಗಬಹುದೆಂದು ವೈದ್ಯರು ಹೇಳಿದಾಗ ಸಂತೋಷದ ಅಡಿಯಲ್ಲಿ ಸಣ್ಣದೊಂದು ನಿರಾಶೆಯೂ ಸುಳಿಯಿತು. ಮಗುವಿಗೆ ಕೇಡು ಬಗೆಯುವ ಮನಸ್ಸಿಗೂ ನನ್ನದಕ್ಕೂ ಬಹಳ ಅಂತರವಿದೆ, ನಿಜ. ಆದರೆ ಹಸಿವು ಬೇರೆಯದೆಂದು ಹೇಳಲಾರೆ.

ಹಾಗೆಂದು ತಾಯಂದಿರನ್ನು ಸುಮ್ಮನೆ ಶಂಕಿಸುವುದೂ ಹಿಂಸೆಯೇ. ಇದೇ ಮೆಡೋ, ಇಬ್ಬರು ಕೂಸುಗಳನ್ನು ಕಳೆದುಕೊಂಡ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ವಿಚಾರಣೆಯಲ್ಲಿ, ಅಂಥ ಎರಡು ಸಾವುಗಳು ಸಹಜವಾಗಿ ಸಂಭವಿಸುವುದು 7.3 ಕೋಟಿಗೆ ಒಮ್ಮೆ ಎಂದರು. 8,543ನ್ನು ಅದರಿಂದಲೇ ಗುಣಿಸಿದ ಲೆಕ್ಕವದು! ಒಂದೇ ಮನೆಯ ಎರಡು ಸಾವುಗಳಿಗೆ ಸಮಾನ ಕಾರಣವಿರಬಹುದಾದಾಗ ಈ ಗುಣಾಕಾರ ಸಲ್ಲದೆಂಬುದು ಬಿ.ಕಾಂ. ಓದಿದ ನನಗೂ ತಿಳಿಯುತ್ತದೆ. 1999ರಲ್ಲಿ ಶಿಕ್ಷೆಗೊಳಗಾದ ಆಕೆ ನಿರ್ದೋಷಿಯೆಂದು ಹೊರಬಂದದ್ದು 2003ರಲ್ಲಿ.

ಮಗನಿಗೀಗ ಅವನದೇ ಸಂಸಾರವಿದೆ. ತಂದೆ ಹದಿನೆಂಟು ದಿನ ನಿದ್ದೆಗೆಟ್ಟ ಕಥೆಯನ್ನು ತನ್ನ ಮಕ್ಕಳಿಗೆ ಹೇಳುತ್ತಿರುತ್ತಾನೆ. 103ರ ಸಂಗತಿಯನ್ನು ನಾನಿನ್ನೂ ಅವನಿಗೆ ಹೇಳಿಲ್ಲ.